ಬಕೆಟ್ಟಿನಲ್ಲಿ ಅದ್ದಿದ ಮೀಟರ್

ಬಕೆಟ್ ಮಾಯವಾಗಿತ್ತು.

ಅದು ಕೂತಿದ್ದ ಜಾಗ ಮಾತ್ರ ಅಲ್ಲೇ ಇತ್ತು. ಮೀಟರ್ ರೂಮಿನ ಮೂಲೆಯಲ್ಲಿ ಇನ್ಸ್‌ಪೆಕ್ಟರ್ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದ. ಸಿಮೆಂಟಿನ ಮೇಲೆ ದುಂಡಗೆ ಒಂದು ಬಿಳಿ ಗುರುತು. ಗಡಸು ನೀರು ತುಳುಕಿ ಆರಿ, ತುಳುಕಿ ಆರಿ ಕಟ್ಟಿದ ಪದರ. ಉಗುರಿನಲ್ಲಿ ಕೆರೆದ. ಉಗುರೇ ಸವೆಯಿತು.

"ಬಕೆಟ್ ಒಯ್ದವರು ನೆಲ ಒರೆಸೋದು ಮರೆತಿದಾರೆ," ಅಂದ ದಫೇದಾರ, ಬಾಗಿಲಿಗೆ ಒರಗಿಕೊಂಡು.

"ಒರೆಸಿದಾರೆ. ಫಿನಾಯಿಲ್ ವಾಸನೆ ಮೂಗಿಗೆ ಬಡೀತಿಲ್ವಾ? ನಿನ್ನೆ ಮೊನ್ನೆ ಇಟ್ಟ ಬಕೆಟ್ ಆಗಿದ್ರೆ ಗುರುತು ಹೋಗ್ತಿತ್ತು. ಇದು ಇಲ್ಲಿ ಸಂಸಾರ ಹೂಡಿದ್ದ ಬಕೆಟ್."

ಕತೆ ಗೊತ್ತಿಲ್ಲದವರಿಗೆ ಒಂದೇ ಮಾತು: ಈ ಸರ್ಕಾರಿ ಸಂಶೋಧನಾ ಕೇಂದ್ರದ ನೀರು ಶುದ್ಧ ಮಾಡುವ ಘಟಕದ ಆಪರೇಟರ್ ಸೋಮವಾರ ಮಧ್ಯಾಹ್ನ ಕೊಳೆನೀರಿನ ತೊಟ್ಟಿಗೆ ಇಳಿದವನು ಹೆಣವಾಗಿ ಮೇಲೆ ಬಂದ, 'ಸತ್ತವನದೇ ನಿರ್ಲಕ್ಷ್ಯ' ಅಂತ ಇವತ್ತು ಸಂಜೆಯೊಳಗೆ ವರದಿ ಬರೆದುಕೊಡಿ ಅಂತ ಮೇಲಿನವರ ಅಪ್ಪಣೆ.

ಹಾಗೆ ಬರೆದರೆ ಕೇಂದ್ರ ಪರಿಹಾರ ಅಂತ ಬಿಡಿಗಾಸೂ ಕೊಡಬೇಕಾಗಿಲ್ಲ. ಅವನ ಹೆಂಡತಿ ಕ್ವಾರ್ಟರ್ಸ್ ಬೀಗ ಒಪ್ಪಿಸಿ, ಗಂಡ ಅಡ್ಡಾದಿಡ್ಡಿಯಾಗಿ ಸತ್ತ ಅನ್ನುವ ಹೆಸರು ಹೊತ್ತುಕೊಂಡು ಹೊರಡಬೇಕು. ಸತ್ತವನಿಗೆ ಬಾಯಿಲ್ಲ. ಅದಕ್ಕೇ ತಪ್ಪುಗಳೆಲ್ಲ ಅವನ ಮನೆ ವಿಳಾಸ ಹುಡುಕಿಕೊಂಡು ಹೋಗುತ್ತವೆ.

ಇನ್ಸ್‌ಪೆಕ್ಟರ್ ಎದ್ದು ಕಿಟಕಿಯಿಂದ ಆಚೆ ನೋಡಿದ. ಮೀಟರಿನ ಕಡ್ಡಿ ಈಗ ಮೋರಿಯಲ್ಲಿ ಮುಳುಗಿಕೊಂಡು ಒಳ್ಳೆಯ ಹುಡುಗನ ಹಾಗೆ ನಿಂತಿತ್ತು. ಅದಕ್ಕೆ ಕಟ್ಟಿದ ಹಗ್ಗ ಹೊಚ್ಚ ಹೊಸದು.

ಲೋಹ, ಆಮ್ಲ ಅಂತ ಏನೇನೋ ಕುದಿಸಿ ನೋಡುವ ಕೇಂದ್ರ ಇದು. ಅದರ ಹೊಲಸು ನೀರು ಶುದ್ಧವಾದ ಮೇಲೇ ಮೋರಿಗೆ ಬೀಳಬೇಕು ಅನ್ನುವುದು ಕಾನೂನು. ಕಡ್ಡಿ ಇರುವುದು ಅದನ್ನು ಕಾಯುವುದಕ್ಕೆ. ಕಡ್ಡಿಗೆ ಕಂಡದ್ದೆಲ್ಲ ತಂತಿಯಲ್ಲಿ ಹರಿದು ಸೀದಾ ಮಾಲಿನ್ಯ ಮಂಡಳಿಯ ಕಚೇರಿಗೆ ಹೋಗುತ್ತದೆ. ಅದೇ ಕಡ್ಡಿಯನ್ನು ಎತ್ತಿ ಒಂದು ಬಕೆಟ್ ಕುಡಿಯುವ ನೀರಲ್ಲಿ ಅದ್ದಿಟ್ಟರೆ ಮುಗಿಯಿತು. ಮೋರಿಯಲ್ಲಿ ವಿಷವೇ ಹರಿಯಲಿ, ಮಂಡಳಿಯವರ ಪರದೆಯ ಮೇಲೆ ಎಲ್ಲ ಹಸಿರು.

ಅನುಮಾನ ಹುಟ್ಟಿಸಿದ್ದು ಮಂಡಳಿಯ ದಾಖಲೆಯಲ್ಲಿದ್ದ ನೀರಿನ ಶಾಖದ ಗೆರೆ. ಬಿಸಿಲಿಗೆ ಕೈ ಸುಡುವ ಮೋರಿ ನೀರು ತಿಂಗಳುಗಟ್ಟಲೆ ಒಂದೇ ಹದದಲ್ಲಿ ತಣ್ಣಗಿತ್ತಂತೆ, ಏಸಿ ರೂಮಿನಲ್ಲಿ ಕೂತ ಗುಮಾಸ್ತನ ಹಾಗೆ. ಸೋಮವಾರ ಊಟದ ಹೊತ್ತಿನಲ್ಲಿ ಮಾತ್ರ ಆ ಗೆರೆ ದಡಕ್ಕನೆ ಕೆಳಗೆ ಬಿದ್ದಿತ್ತು. ಯಾರೋ ಬಕೆಟ್ಟಿಗೆ ಹೊಸದಾಗಿ ತಣ್ಣೀರು ತುಂಬಿದ್ದರು. ಅಂದರೆ ಆಪರೇಟರ್ ಗೋಡೆಯಾಚೆ ತೊಟ್ಟಿಯಲ್ಲಿ ಸಾಯುವಾಗ ಈ ರೂಮಿನಲ್ಲಿ ಒಂದು ಜೀವ ಓಡಾಡುತ್ತಿತ್ತು.

ಈ ಸಂಗತಿ ಇನ್ಸ್‌ಪೆಕ್ಟರನನ್ನು ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು. ನಿನ್ನೆ ಸಂಜೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ, ಬಾಯಲ್ಲಿ ತುತ್ತಿಟ್ಟುಕೊಂಡೇ ಅವನು ಕೊಚ್ಚಿಕೊಂಡಿದ್ದ.

"ಕಡ್ಡಿ ಎಲ್ಲೋ ತಣ್ಣಗೆ ಮಲಗಿದೆ ಅಕ್ಕಾ. ನಾಳೆ ಬೆಳಗ್ಗೆ ಹೋಗಿ ಎಬ್ಬಿಸ್ತೀನಿ ನೋಡ್ತಿರು."

"ಇನ್ನೊಂಚೂರು ಬಡಿಸ್ಲಾ?" ಅಂದಿದ್ದಳು ಅಕ್ಕ.

ಅಕ್ಕ ಈ ಕೇಂದ್ರದ ಪರಿಸರ ಅಧಿಕಾರಿ.

ಬಕೆಟ್ಟು ಯಾರೋ ಗುತ್ತಿಗೆಯವನ ಕಿತಾಪತಿ ಅಂತಲೇ ಅವನು ಅಂದುಕೊಂಡಿದ್ದು. ಅಕ್ಕನನ್ನು ಅನುಮಾನಿಸುವುದು ಅಂದರೆ ತಾಯಿ ಹಾಲನ್ನು ಪರೀಕ್ಷೆಗೆ ಕಳಿಸಿದ ಹಾಗೆ. ಅವನಿಗೆ ಅ ಆ ಇ ಈ ತಿದ್ದಿಸಿದವಳು, ಜ್ವರ ಬಂದರೆ ತಲೆ ಹತ್ತಿರ ಕೂತವಳು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಆರೋಪಿಗಳಿಗೆ ದಿನವೂ ತಮಾಷೆ ಮಾಡುತ್ತಿದ್ದವನು, ಈಗ ಖಾಲಿ ನೆಲದ ಆ ಬಿಳಿ ಗುರುತನ್ನು ನೋಡುತ್ತ, ದಫೇದಾರನ ಕಡೆ ಮುಖ ತಿರುಗಿಸಲಾರದೆ ನಿಂತ. ಕಿವಿಯ ತುದಿ ಸುಡುತ್ತಿತ್ತು.

ದಫೇದಾರ ಪಾಪ, ನೋಡದವನ ಹಾಗೆ ಗೋಡೆ ನೋಡಿದ. ಆಮೇಲೆ ಮೊಳೆಗೆ ತೂಗುಬಿದ್ದಿದ್ದ ಅಂಗಿಯನ್ನು ಎತ್ತಿ ತಂದ.

"ಇದು ಸತ್ತೋನ ಅಂಗಿ. ಬನಿಯನ್ನಲ್ಲೇ ಇಳಿದಿದ್ದ. ಕಾಲರ್ ನೋಡಿ ಸಾರ್."

ಒಗೆದು ಇಸ್ತ್ರಿ ಮಾಡಿದ ಅಂಗಿ. ಕಾಲರಿನ ಒಳಮಗ್ಗುಲಲ್ಲಿ ಕರೀ ಗ್ರೀಸಿನ ಪಟ್ಟಿ, ಎರಡು ಬೆರಳು ಅಗಲ. ಮೊಳೆಗೆ ಗ್ರೀಸಿಲ್ಲ. ಇನ್ಸ್‌ಪೆಕ್ಟರ್ ರೂಮೆಲ್ಲ ಕಣ್ಣಾಡಿಸಿದ. ಗ್ರೀಸು ಇದ್ದದ್ದು ಒಂದೇ ಕಡೆ: ಬಾಗಿಲ ಪಕ್ಕದಲ್ಲಿ ಬ್ಲೋವರಿನ ಸ್ವಿಚ್ಚಿಗೆ. ತೊಟ್ಟಿಯೊಳಗೆ ಗಾಳಿ ನುಗ್ಗಿಸುವ ಯಂತ್ರದ ಆ ಸ್ವಿಚ್ಚಿಗೆ ಕಬ್ಬಿಣದ ಉದ್ದನೆಯ ಹಿಡಿ. ಕಾಲರನ್ನು ಹಿಡಿಯ ಮೇಲಿಟ್ಟ. ಪಟ್ಟಿಗೆ ಪಟ್ಟಿ ಕೂತಿತು.

"ಅಂಗಿ ಮೊದಲು ತೂಗ್ತಾ ಇದ್ದದ್ದು ಇದರ ಮೇಲೆ," ಅಂದ. "ಆಮೇಲೆ ಯಾರೋ ತೆಗೆದು ಮೊಳೆಗೆ ಹಾಕಿದಾರೆ. ಡಾಕ್ಟರ್ ಏನಂದ್ರು?"

"ಕಾಲು ಜಾರಿದ್ದಲ್ಲ, ನೀರು ಕುಡಿದದ್ದೂ ಅಲ್ಲ. ತೊಟ್ಟಿಯ ಗ್ಯಾಸಿಗೆ ಉಸಿರು ಹೋಗಿದೆ ಅಂತ."

"ಬ್ಲೋವರ್ ಓಡ್ತಿದ್ರೆ ಗ್ಯಾಸ್ ನಿಲ್ಲೋದು ಹೇಗೆ?"

"ಅಲ್ಲೇ ಇರೋದು ಗಂಟು. ನಾವು ಬಂದಾಗ ಅದು ಓಡ್ತಾನೇ ಇತ್ತಲ್ಲ ಸಾರ್. ಬಾಗಿಲಲ್ಲೇ ನಿಂತು ನಾನೇ ಆರಿಸಿದ್ದು, ಮೂಲೆ ಕಡೆ ನೋಡ್ಲಿಲ್ಲ. ಅದರ ಗಲಾಟೆಗೆ ನನ್ನ ಮಾತು ನನಗೇ ಕೇಳ್ತಿರ್ಲಿಲ್ಲ."

ಇಬ್ಬರೂ ಸ್ವಿಚ್ಚಿನ ಹಿಡಿಯನ್ನು ನೋಡಿದರು. ನಡುವೆ ಒಮ್ಮೆ ನಿಂತಿದೆ. ಆಮೇಲೆ ಮತ್ತೆ ಓಡಿದೆ. ಆ ಎರಡರ ಮಧ್ಯೆ ಒಬ್ಬ ಮನುಷ್ಯ ಸತ್ತಿದ್ದಾನೆ.

"ಈ ರೂಮಿಗೆ ಕೀ ಎರಡು," ಅಂದ ದಫೇದಾರ, ಮಾತನ್ನು ಬಿಸಿ ಪಾತ್ರೆ ಇಳಿಸುವ ಹಾಗೆ ಮೆಲ್ಲಗೆ ಇಳಿಸುತ್ತ. "ಒಂದು ಹೆಣದ ಸೊಂಟದಲ್ಲಿತ್ತು."

"ಇನ್ನೊಂದು ಯಾರ ಹತ್ರ ಇದೆ ಅಂತ ನಂಗೆ ಗೊತ್ತು. ನೀನು ಹೇಳ್ಬೇಡ."

"ಕೇಸು ಬೇರೆಯವರಿಗೆ ಬಿಟ್ಬಿಡಿ ಸಾರ್. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನಗೇ ಯಾಕೆ ಕೊಟ್ರು ಗೊತ್ತಾ? 'ನಿಮ್ಮಕ್ಕನೇ ಇದಾರಲ್ಲ ಅಲ್ಲಿ, ಸಲೀಸಾಗುತ್ತೆ' ಅಂದ್ರು. ನಾನೂ ಹಲ್ಲು ಕಿರಿದು ಬಂದೆ."

ಹೊರಗೆ ಬೇಲಿಯ ಪಕ್ಕದ ಬೆಂಚಿನ ಮೇಲೆ ಆಪರೇಟರನ ಹೆಂಡತಿ ಕೂತಿದ್ದಳು. ಬೆಳಗ್ಗಿನಿಂದ ಕೂತಿದ್ದಾಳೆ, ಯಾರನ್ನೂ ಏನೂ ಕೇಳಿಲ್ಲ. ಇವನನ್ನು ಕಂಡು ಎದ್ದು ನಿಂತಳು.

"ಕೂತ್ಕೊಳ್ಳಮ್ಮ."

"ಇರ್ಲಿ ಸಾಹೇಬ್ರೇ. ಒಂದೇ ಮಾತು. ಅವಸರಕ್ಕೆ ಬಿದ್ದು ಇಳಿದ ಅಂತ ಇಲ್ಲಿಯೋರು ಹೇಳ್ತಾರೆ. ನನ್ನ ಗಂಡನಿಗೂ ಅವಸರಕ್ಕೂ ಎಣ್ಣೆ ಸೀಗೇಕಾಯಿ. ಚಪ್ಪಲಿ ಮೆಟ್ಟೋಕೂ ಮುಹೂರ್ತ ನೋಡೋನು. ನಮ್ಮ ಮದುವೆಗೆ ಅವನೇ ತಡವಾಗಿ ಬಂದಿದ್ದ."

ದಫೇದಾರನ ಮೀಸೆ ಸ್ವಲ್ಪ ಅಲುಗಿತು. ಅವಳೂ ನಕ್ಕಳೇನೋ, ಸೆರಗು ಬಾಯಿಗೆ ಬಂತು.

"ಮೇಲೆ ಒಬ್ಬ ಜೊತೆ ನಿಲ್ಲಬೇಕಂತೆ, ಕಾಯ್ದೆ ಇದೆಯಂತೆ. ಆ ಜಾಗ ಖಾಲಿ ಬಿದ್ದು ಎಷ್ಟು ಕಾಲ ಆಯ್ತೋ. ಕೇಳಿ ಕೇಳಿ ಸಾಕಾಗಿ, 'ನನ್ನ ಅಂಗೀನೇ ನನ್ನ ಕಾವಲುಗಾರ' ಅಂತಿದ್ದ. ಸ್ವಿಚ್ಚಿಗೆ ಅಂಗಿ ತಗಲಿಹಾಕಿದ್ರೆ ಯಾರೂ ಮುಟ್ಟಲ್ಲ ಅಂತ."

ಇನ್ಸ್‌ಪೆಕ್ಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

"ಮೇಡಂ ನಿಮ್ಮಕ್ಕ ಅಂತಲ್ಲ ಸಾಹೇಬ್ರೇ. ಕೇಳಿ ಸಮಾಧಾನ ಆಯ್ತು. ಮನೆಯೋರೇ ಇದ್ರೆ ನಿಜ ಬೇಗ ಗೊತ್ತಾಗುತ್ತೆ."

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಎಷ್ಟೋ ವಾಸಿ. ಬೈದರೆ ಪೊಲೀಸಿನವನು ತಡೆದುಕೊಳ್ಳುತ್ತಾನೆ, ಅಭ್ಯಾಸ ಇರುತ್ತದೆ. ನಂಬಿದರೆ ಏನು ಮಾಡುತ್ತಾನೆ? ಇನ್ಸ್‌ಪೆಕ್ಟರ್ ಮೈಯೆಲ್ಲ ಹಿಡಿಯಾಗಿ, ತನ್ನ ಬೂಟಿನ ಲಾಡಿ ನೋಡುತ್ತ ಅಲ್ಲಿಂದ ನಡೆದ.

ಅಕ್ಕ ತರಗತಿಯಲ್ಲಿದ್ದಳು.

ಸುತ್ತಲ ಕಾರ್ಖಾನೆಗಳ ಮೇಲ್ವಿಚಾರಕರನ್ನೆಲ್ಲ ಕರೆಸಿ, ಪರಿಸರದ ಕಾನೂನು ಪಾಲಿಸುವುದು ಹೇಗೆ ಅಂತ ಪಾಠ ಹೇಳುವುದೂ ಈ ಕೇಂದ್ರದ ಕೆಲಸವೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇಂಥವರಿಗೆ ಗೋಡೆ ತುಂಬ ಪ್ರಶಸ್ತಿ ಫಲಕ ಬೇರೆ. ಇನ್ಸ್‌ಪೆಕ್ಟರ್ ಹಿಂದಿನ ಬಾಗಿಲಲ್ಲಿ ನಿಂತ.

"ತೊಟ್ಟಿಯೊಳಗೆ ಆಳು ಇಳಿದಾಗ ಸ್ವಿಚ್ಚಿನ ಮೇಲೆ ಫಲಕ ತೂಗ್ತಾ ಇರಬೇಕು," ಅನ್ನುತ್ತಿದ್ದಳು ಅಕ್ಕ. ಸ್ವರ ಎಂದಿನಂತೆ ಗಟ್ಟಿ. "ಆ ಫಲಕ ತೆಗೆಯೋ ಹಕ್ಕು ಇರೋದು ಅದನ್ನ ಹಾಕಿದವನಿಗೆ ಮಾತ್ರ. ನೀವು ಎಷ್ಟೇ ದೊಡ್ಡ ಅಧಿಕಾರಿ ಆಗಿರಿ."

"ಮೇಡಂ, ಫಲಕ ಇಲ್ದಿದ್ರೆ?" ಅಂತ ಹಿಂದಿನ ಸಾಲಿನ ಒಬ್ಬ ಕೇಳಿದ. "ನಮ್ಮಲ್ಲಿ ಅರ್ಜಿ ಹಾಕಿದೀವಿ, ಇನ್ನೂ ಬಂದಿಲ್ಲ. ಅಲ್ಲಿವರೆಗೆ ಸಾಹೇಬ್ರ ಫೋಟೋ ತೂಗುಹಾಕಬಹುದಾ?"

ಎಲ್ಲ ನಕ್ಕರು. ಅಕ್ಕ ನಗಲಿಲ್ಲ. ತಮ್ಮನನ್ನು ನೋಡಿದ್ದಳು.

"ಇವತ್ತಿಗೆ ಇಷ್ಟು ಸಾಕು," ಅಂದಳು.

ಕುರ್ಚಿ ಎಳೆದ ಸದ್ದೆಲ್ಲ ಮುಗಿದು ಬಾಗಿಲು ಮುಚ್ಚಿಕೊಂಡ ಮೇಲೆ, ಅವನು ಮೊದಲ ಸಾಲಿನಲ್ಲಿ ಕೂತ. ಅವಳು ಹಲಗೆಯ ಮುಂದೆ ನಿಂತೇ ಇದ್ದಳು. ಮನೆ ಜಗಲಿಯಲ್ಲಿ ಲೆಕ್ಕ ಹೇಳಿಕೊಡುವಾಗಲೂ ಹೀಗೇ ನಿಲ್ಲುತ್ತಿದ್ದಳು.

"ಬಕೆಟ್ ಎಲ್ಲಿ ಅಕ್ಕಾ?"

"ನನ್ನ ಕಾರಿನ ಡಿಕ್ಕಿಯಲ್ಲಿದೆ."

ಸುಳ್ಳು ಹೇಳುತ್ತಾಳೆ, ಎಳೆದಾಡಬೇಕು ಅಂತ ಅವನು ದಾರಿಯುದ್ದಕ್ಕೂ ಪ್ರಶ್ನೆ ಜೋಡಿಸಿಕೊಂಡು ಬಂದಿದ್ದ. ಒಂದೂ ಕೆಲಸಕ್ಕೆ ಬರಲಿಲ್ಲ.

"ಎಸೀಬಹುದಾಗಿತ್ತಲ್ಲ."

"ಎಸೆಯೋಕೆ ಅಂತಾನೇ ಬೆಳಗ್ಗೆ ಹೊರಟಿದ್ದೆ. ಎಲ್ಲಿ ನಿಲ್ಸಿದ್ರೂ ಯಾರೋ ನೋಡ್ತಿದಾರೆ ಅನ್ಸ್ತು. ಅದೂ ಕಲೀಬೇಕಲ್ಲೋ ಮೊಂಡ. ಕಳ್ಳತನಕ್ಕೂ ಓದು ಬೇಕು."

ಮೊಂಡ ಅನ್ನುವುದು ಅವನ ಮನೆ ಹೆಸರು. ಆ ಹೆಸರಿನಲ್ಲಿ ಅವಳು ಕರೆದದ್ದು ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಯಾಕೆ ಮಾಡ್ದೆ?"

"ಘಟಕದ ಮೋಟಾರ್ ಸುಟ್ಟಿತ್ತು. ಹೊಸದಕ್ಕೆ ಬರೆದೆ. ಬರಲಿಲ್ಲ. ಮೀಟರ್ ಕೆಂಪು ತೋರಿಸಿದ್ರೆ ಮಂಡಳಿಯೋರು ಕೇಂದ್ರಕ್ಕೇ ಬೀಗ ಹಾಕ್ತಾರೆ. ಮೋಟಾರ್ ಬರೋವರೆಗೆ ಒಂದು ವಾರ ಅಂತ ಇಟ್ಟೆ. ಮೋಟಾರೂ ಬಂತು, ಹಾಳಾದ್ದು ತೊಟ್ಟಿಯೊಳಗಿನ ಜಾಲರಿಗೆ ಕಸ ಕಟ್ಟಿಕೊಂಡು ನೀರೇ ಎಳೀಲಿಲ್ಲ. ಅಷ್ಟು ಹೊತ್ತಿಗೆ ಬಕೆಟ್ಟೇ ಒಂದು ವ್ಯವಸ್ಥೆ ಆಗಿಬಿಟ್ಟಿತ್ತು. ಅದು ಇದೆ ಅಂತ ಯಾರಿಗೂ ಏನೂ ಅನ್ನಿಸ್ತಿರ್ಲಿಲ್ಲ. ನನಗೂ."

"ಅವನು ಇಳಿದದ್ದು ಆ ಜಾಲರಿ ಬಿಡಿಸೋಕೆ."

"ಹೂಂ. ನಾನು ಹೇಳಿರ್ಲಿಲ್ಲ. ಯಾರೂ ಹೇಳಿರ್ಲಿಲ್ಲ. ಅವನಿಗೇ ಆ ನೀರು ನೋಡಿ ಬೇಜಾರಾಗಿತ್ತೇನೋ."

"ಸೋಮವಾರ ಸಭಾಂಗಣ ಬಿಟ್ಟು ಕದಲಿಲ್ಲ ಅಂತ ಹೇಳಿಕೆ ಕೊಟ್ಟಿದೀಯ."

"ಸುಳ್ಳು. ನೀರು ತುಂಬೋಕೆ ಹೋಗಿದ್ದೆ. ಕೂಲರಿಂದ ಹಿಡ್ಕೊಂಡು ಹೋದೆ."

"ಅಂಗಿ?"

ಅಕ್ಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ, ಅದು ಅವನಿಗೆ ಕಂಡಿತು.

"ಸ್ವಿಚ್ಚಿನ ಹಿಡಿ ಮೇಲೆ ಒಂದು ಅಂಗಿ ತೂಗ್ತಿತ್ತಲ್ಲ."

"ಓ. ಅದಾ? ಎಲ್ಲಂದ್ರಲ್ಲಿ ಬಟ್ಟೆ ಬಿಚ್ಚಾಕ್ತಾರೆ ಅಂತ ತೆಗೆದು ಮೊಳೆಗೆ ಹಾ..."

ಮಾತು ಅಲ್ಲೇ ನಿಂತಿತು. ಅವಳು ತಾನೇ ಹಲಗೆಯ ಮೇಲೆ ಬರೆದದ್ದನ್ನು ತಿರುಗಿ ನೋಡಿದಳು. ದುಂಡಗಿನ, ಮಕ್ಕಳಿಗೂ ಓದಲು ಬರುವ ಅಕ್ಷರ. 'ಹಾಕಿದವನೇ ತೆಗೆಯಬೇಕು.'

ಹೊರಗೆ ಶಿಬಿರಾರ್ಥಿಗಳು ಚಹಾ ಕುಡಿಯುತ್ತ ಗಲಗಲ ಅನ್ನುತ್ತಿದ್ದರು.

"ಅದು ಅವನ ಫಲಕವೇನೋ?" ಅಂದಳು ಅಕ್ಕ. ಸ್ವರ ಗಟ್ಟಿ ಇರಲಿಲ್ಲ. "ಒಳಗಿದ್ನಾ ಆಗ? ಮೊಂಡ, ಆಗ ಒಳಗಿದ್ನಾ ಅವನು?"

"ಬ್ಲೋವರ್ ಯಾಕೆ ಆರಿಸ್ದೆ?"

"ಫೋನ್ ಬಂತು. ಎರಡೂ ಕೈಲಿ ಬಕೆಟ್ ಇತ್ತು, ಸ್ಪೀಕರ್ ಹಾಕಿ ಕಿಟಕಿ ಮೇಲಿಟ್ಟೆ. ಆ ಗಲಾಟೆಯಲ್ಲಿ ಒಂದಕ್ಷರ ಕೇಳಿಸ್ಲಿಲ್ಲ. ಅದಕ್ಕೆ ಆರಿಸ್ದೆ."

"ಯಾರ ಫೋನು?"

ಅಕ್ಕ ಅವನನ್ನೇ ನೋಡಿದಳು. ತಪ್ಪು ಉತ್ತರ ಬರೆದ ತಮ್ಮನ ಸ್ಲೇಟು ನೋಡುವಾಗ ಇರುತ್ತಿದ್ದ ಅದೇ ಕನಿಕರ.

"ನಿಂದು ಕಣೋ."

ಅಮ್ಮನ ಕಣ್ಣಿಗೆ ಹಾಕುವ ಔಷಧಿಯ ಹೆಸರು ಕೇಳಲು ಮಾಡಿದ್ದ ಫೋನು. ಔಷಧಿ ಅಂಗಡಿಯ ಮುಂದೆ ನಿಂತಿದ್ದ. ಹೆಸರು ಅವಳು ತಕ್ಷಣ ಹೇಳಿದ್ದಳು. ಅಲ್ಲಿಗೆ ಇಟ್ಟುಬಿಡಬಹುದಿತ್ತು. ಇವನೇ ಹಿಡಿದುಕೊಂಡು ಮಾತಾಡಿದ. ಮೇಲಧಿಕಾರಿ ಮೆರವಣಿಗೆಯಲ್ಲಿ ಕುದುರೆಯಿಂದ ಬಿದ್ದ ಕತೆಯನ್ನು, ಅವರದೇ ಧ್ವನಿ ತೆಗೆದು, ಮೊದಲಿಂದ ಕೊನೆವರೆಗೆ ಹೇಳಿದ. ಅಕ್ಕ ನಗುತ್ತಾಳೆ ಅಂತ ಇನ್ನೂ ಎಳೆದ. ಗೋಡೆಯಾಚೆ ಒಬ್ಬ ಮನುಷ್ಯ ಗಾಳಿಗೆ ಬಾಯಿ ಬಿಡುತ್ತಿದ್ದ ಅಷ್ಟೂ ಹೊತ್ತು, ಇವನು ಕುದುರೆ ಕೆನೆಯುವ ಸದ್ದು ಮಾಡಿ ತೋರಿಸುತ್ತಿದ್ದ.

ಮುಖ ಎಲ್ಲಿಡಬೇಕು ತಿಳಿಯಲಿಲ್ಲ. ಅಂಗೈಯಲ್ಲಿಟ್ಟುಕೊಂಡ. ಮೈಮೇಲಿದ್ದ ಖಾಕಿ ಬೇರೆಯವರದನ್ನು ಕದ್ದು ಹಾಕಿಕೊಂಡ ಹಾಗೆ ಚುಚ್ಚುತ್ತಿತ್ತು.

ಬಾಗಿಲು ತಟ್ಟಿ ದಫೇದಾರ ತಲೆ ಹಾಕಿದ.

"ಸಾರ್, ಮೇಲಿಂದ ಮತ್ತೆ ಫೋನು. ವರದಿ ಹೊರಡ್ತಾ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಇನ್ಸ್‌ಪೆಕ್ಟರ್ ಜೇಬಿನಿಂದ ತನ್ನ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟ. ಅವನದು ಅಂತ ಅನ್ನಿಸದ ಧ್ವನಿಯಲ್ಲಿ ಹೇಳಿದ, "ಇದನ್ನ ಜಪ್ತಿ ಮಾಡ್ಕೊ."

"ಇದು ನಿಮ್ಮದು."

"ಸೋಮವಾರ ಮಧ್ಯಾಹ್ನದ ಕರೆ ಇದೆ ಅದರಲ್ಲಿ. ಸಾಕ್ಷಿ. ನಿರ್ಲಕ್ಷ್ಯ ಸತ್ತವನದಲ್ಲ ಅಂತ ಹೇಳು ಅವರಿಗೆ. ಕೇಸು ನನ್ನ ಕೈಯಿಂದ ತೆಗೆದುಕೊಳ್ಳಿ ಅಂತಲೂ ಹೇಳು."

ದಫೇದಾರ ಅಕ್ಕನನ್ನು ನೋಡಿದ, ತಮ್ಮನನ್ನು ನೋಡಿದ. ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ.

"ಒಳ್ಳೇದಾಯ್ತು," ಅಂದಳು ಅಕ್ಕ. ಕುರ್ಚಿಯಲ್ಲಿ ಕುಸಿದು ಕೂತಿದ್ದಳು. "ಆ ಹೆಣ್ಣುಮಗಳ ಮುಖ ನೋಡೋಕಾಗ್ತಿರ್ಲಿಲ್ಲ ನಂಗೆ. ಬರ್ಕೋ. ಅಂಗಿ ತೆಗೆದದ್ದು ನಾನು, ಆರಿಸಿದ್ದು ನಾನು. ನಿನ್ನ ಮಾತು ಮುಗಿದ ಮೇಲೆ ಬೀಗ ಹಾಕಿ ಹಾಗೇ ಹೊರಟುಬಿಟ್ಟೆ. ಮತ್ತೆ ಹಾಕೋಕೆ ಮರೆತೆ."

ಬರೆದುಕೊಳ್ಳುತ್ತಿದ್ದ ದಫೇದಾರನ ಕೈ ನಿಂತಿತು.

"ಮತ್ತೆ ಹಾಕ್ಲಿಲ್ವಾ ಮೇಡಂ?"

"ಇಲ್ಲ."

"ನಾವು ಬಂದಾಗ ಓಡ್ತಿತ್ತು. ಬೀಗ ನಾನೇ ಒಡೆಸಿದ್ದು. ಅಂದ್ರೆ ನಿಮ್ಮ ಕೀ ತಗೊಂಡು ಯಾರೋ ಮತ್ತೆ ಒಳಗೆ ಬಂದಿದಾರೆ."

ಇನ್ಸ್‌ಪೆಕ್ಟರ್ ಅಂಗೈಯಿಂದ ಮುಖ ಎತ್ತಿದ. ನಾಚಿಕೆಯ ನಡುವೆಯೇ, ಅದನ್ನು ಸೀಳಿಕೊಂಡು, ಅವನ ಕಿವಿಗೆ ಸೋಮವಾರದ ಆ ಕರೆ ಮತ್ತೆ ಕೇಳಿಸುತ್ತಿತ್ತು. ಕುದುರೆ ಕೆನೆದದ್ದು. ಅಕ್ಕ ಕಿಲಕ್ಕನೆ ನಕ್ಕಿದ್ದು. ಅದರ ಹಿಂದೆಯೇ, ಸ್ವಲ್ಪ ದೂರದಿಂದ, ದಪ್ಪ ಗಂಟಲಿನ ಇನ್ನೊಂದು ನಗು.

"ಅಕ್ಕಾ, ಆವತ್ತು ನನ್ನ ಕತೆಗೆ ನಕ್ಕಿದ್ದು ಇಬ್ಬರು. ಭಾವ ಅಂದ್ಕೊಂಡು ಸುಮ್ಮನಾಗಿದ್ದೆ."

ಅವಳು ಮೇಜಿನ ಮೇಲಿದ್ದ ಸೀಮೆಸುಣ್ಣದ ಚೂರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು.

"ಈಗ ಹೊಳೀತಿದೆ, ಭಾವ ಆವತ್ತು ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ರು. ಮೀಟರ್ ರೂಮಿನಲ್ಲಿ ನಿನ್ನ ಜೊತೆ ನಿಂತು ನಕ್ಕಿದ್ದು ಯಾರು?"

ಬಕೆಟ್ಟಿಗೆ, ಸುಳ್ಳಿಗೆ, ಸಾವಿಗೆ ತಡವರಿಸದೆ ಉತ್ತರ ಕೊಟ್ಟಿದ್ದ ಅಕ್ಕ ಈಗ ಎದ್ದು, ಡಸ್ಟರ್ ತೆಗೆದುಕೊಂಡು, ತಮ್ಮನಿಗೆ ಬೆನ್ನು ಹಾಕಿ ಹಲಗೆ ಒರೆಸತೊಡಗಿದಳು.